ಒಂದು ಸೀಟು ಖಾಲಿ

ಬೆಳಗಿನ ಗಾಡಿ ತಾಳಗುಪ್ಪಕ್ಕೆ ಬಂದು ನಿಂತರೆ
ಮುಂದೆ ಹಳಿಯಿಲ್ಲ.
ಇಳಿದವರಿಗೆಲ್ಲ ಒಂದೇ ಲೆಕ್ಕ:
ರಾತ್ರಿ ಮತ್ತೆ ಗಾಡಿ,
ನಡುವೆ ಸಿಕ್ಕಷ್ಟು ಹಗಲು.

ನಾನು ಗೇಟಿನ ಬಳಿ ಕೀಲಿ ತಿರುಗಿಸುತ್ತ ನಿಂತಿರುತ್ತೇನೆ.
ಹೆಸರು ಹುಚ್ಚರಾಯಪ್ಪ. ಬಿಳಿ ಕಾರು. ಇಪ್ಪತ್ತೆರಡು ವರ್ಷ.
ಜೋಗ, ಇಕ್ಕೇರಿ, ಕೆಳದಿ, ವರದಹಳ್ಳಿ,
ಊಟಕ್ಕೆ ಮುಕ್ಕಾಲು ಗಂಟೆ, ಕತ್ತಲಿಗೆ ಮೊದಲು ವಾಪಸ್ಸು.
ಗಾಡಿ ತಪ್ಪಿದರೆ ನನ್ನ ಜವಾಬ್ದಾರಿ ಅನ್ನುವುದು
ನಾನು ಕೊನೆಗೆ ಹೊಡೆಯುವ ಮೊಳೆ.
ಅದಕ್ಕೇ ಎಲ್ಲರೂ ಬ್ಯಾಗು ನೇತು ಹಾಕುವುದು.

ಅವತ್ತು ಅರಸೀಕೆರೆಯವರು, ನಾಲ್ಕು ಜನ.
ಮೂವರು ಒಪ್ಪಿದರು. ನಾಲ್ಕನೆಯವರು ನೀಲಾಂಬಿಕೆ,
ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರಂತೆ,
ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಳ್ಳುತ್ತ
"ನೀವು ಹೋಗ್ರಿ, ನಾನು ಬಸ್ಸಿಗೆ" ಅಂದರು.

"ಬಸ್ಸಿಗೆ ಎಲ್ಲಿಗೆ?" ತಂಗಿ ರೇಗಿದರು.
"ಅದು ಹೋದಲ್ಲಿಗೆ."
"ದಾರಿ ತಪ್ಪಿದ್ರೆ?"
"ವಿಳಾಸ ಸರಿಯಿಲ್ದಿರೋ ಕಾಗದಾನೂ
ಎಲ್ಲೋ ಒಂದು ಕಡೆ ಮುಟ್ತಿತ್ತು ಕಣೆ."

ತಂಗಿಯ ಯಜಮಾನರು ದುಡ್ಡಿನ ಮಾತು ತೆಗೆದರು:
ಮೂವರಾದರೂ ಅಷ್ಟೇ ಬಾಡಿಗೆ, ನಾಲ್ವರಾದರೂ ಅಷ್ಟೇ,
ಕೂತರೆ ಸವೆಯುವುದೇನು?
ನನಗೂ ಹಾಗೇ ಅನಿಸಿತ್ತು.
ಅವರು ನಾಲ್ಕನೇ ಪಾಲು ಎಣಿಸಿ ನನ್ನ ಕೈಗೇ ಇಟ್ಟು
ಹೊರಟಿದ್ದ ಕೆಂಪು ಬಸ್ಸಿನ ಸರಳು ಹಿಡಿದರು.

ಜೋಗದಲ್ಲಿ ಮಂಜು.
"ಹತ್ತು ನಿಮಿಷ ಕಾಯಿರಿ, ಸರಿಯುತ್ತೆ" ಅಂದೆ.
ಎಂಟಕ್ಕೆ ಯಜಮಾನರು ವಾಚು ನೋಡಿದರು.
ಒಂಬತ್ತಕ್ಕೆ ಬಾಗಿಲು ಬಡಿದ ಸದ್ದು.
ತಿರುವು ದಾಟುವಾಗ ಪಕ್ಕದ ಕನ್ನಡಿಯಲ್ಲಿ
ರಾಜ ಒಂದು ಗೇಣು ಬಿಳಿ ತೋರಿಸಿದ.
ನಾನು ಹೇಳಲಿಲ್ಲ.

ಇಕ್ಕೇರಿಯ ನಂದಿಗೆ ಬೆನ್ನು ಮಾಡಿ ಫೋಟೋ.
ಕೆಳದಿಯಲ್ಲಿ ತಲೆಯೆತ್ತಿ ಗಂಡಭೇರುಂಡ,
ತಲೆ ತಗ್ಗಿಸಿ ಚಪ್ಪಲಿ.
ಹತ್ತಿ ಇಳಿದ ಹಾಗೆಲ್ಲ ಖಾಲಿ ಸೀಟು ತುಂಬುತ್ತ ಬಂತು:
ಛತ್ರಿ, ಪುನರ್ಪುಳಿ ಬಾಟಲಿ,
ಗುಡಿಗಾರರಲ್ಲಿ ಚೌಕಾಸಿ ಮಾಡಿ ತಂದ ಆನೆ.

ಎರಡು ಗಂಟೆಯ ಹೊತ್ತಿಗೆ ವರದಹಳ್ಳಿ ದಾರಿಯ ತಿರುವಿನಲ್ಲಿ
ಮೋರಿಕಟ್ಟೆಯ ಮೇಲೆ ಅವರು,
ಪಕ್ಕದಲ್ಲಿ ಸ್ಕೂಲು ಬ್ಯಾಗಿನ ಹುಡುಗಿ.
ಇಬ್ಬರ ಕೈಯಲ್ಲೂ ಉಪ್ಪುಕಾರ ಹಚ್ಚಿದ ಸೌತೆಕಾಯಿ.
ಹಾರ್ನ್ ಹೊಡೆದೆ. ಕೈ ಬೀಸಿದರು,
ಬನ್ನಿ ಅಂತಲೂ ಅಲ್ಲ, ಬರುತ್ತೇನೆ ಅಂತಲೂ ಅಲ್ಲ.
"ಪಾಪ, ಬಸ್ಸು ಕೈಕೊಟ್ಟಿರಬೇಕು" ಅಂದರು ತಂಗಿ.
ದನಿಯಲ್ಲಿ ಚೂರು ಸಂತೋಷವಿತ್ತು.

ರಾತ್ರಿ ಗಾಡಿಗೆ ಕಾಲು ಗಂಟೆಯಿದೆ, ಅವರಿಲ್ಲ.
ನನ್ನ ಜವಾಬ್ದಾರಿಯಲ್ಲಿ ಅವರು ಇರಲಿಲ್ಲ,
ಆದರೂ ಮನೆಗೆ ಹೋಗಲು ಕಾಲು ಬರಲಿಲ್ಲ.
ನಾಲ್ಕನೇ ಪಾಲು ಜೇಬಿನಲ್ಲಿ ಕೂತಿತ್ತು.

ಹಾಲಿನ ಖಾಲಿ ಕ್ಯಾನುಗಳ ಟೆಂಪೋದಿಂದ ಇಳಿದರು,
ಮೊಣಕಾಲವರೆಗೆ ಕೆಸರು.
"ಜೋಗ ನೋಡಿದ್ರಾ?" ತಂಗಿ ಕೇಳಿದರು.
"ಇಲ್ಲ. ನೀವು?"
"ಮಂಜಿತ್ತು."
ಅಕ್ಕತಂಗಿಯರು ಒಟ್ಟಿಗೇ ನಕ್ಕಿದ್ದು
ಇಡೀ ದಿನದಲ್ಲಿ ಅದೊಂದೇ ಸಲ.

ಆಮೇಲೆ ನನ್ನ ಕಡೆ ತಿರುಗಿ:
"ಆ ಮೋರಿ ಪಕ್ಕ ಒಂದು ಕಲ್ಲಿದೆಯಲ್ಲ,
ಬಿಲ್ಲು ಹಿಡಿದ ಹೆಂಗಸಿನದು, ಯಾರದಪ್ಪ ಅದು?
ಹುಡುಗಿ ತನ್ನಜ್ಜಿ ಅಂತಾಳೆ."

ದಿನಕ್ಕೆರಡು ಸಲ ಆ ತಿರುವು ಸುತ್ತಿದವನು ನಾನು.
ಕಲ್ಲು ಕಂಡಿಲ್ಲ.
ಗೊತ್ತಿಲ್ಲ ಅನ್ನುವುದು ನನ್ನ ಕಸುಬಿನಲ್ಲಿ ಇಲ್ಲದ ಮಾತು.
"ಕೆಳದಿ ಅರಸರ ಕಾಲದ್ದು" ಅಂದೆ.
ಅವರು ನನ್ನ ಮುಖವನ್ನು
ಅರೆಬರೆ ವಿಳಾಸದ ಲಕೋಟೆ ಹಿಡಿದ ಹಾಗೆ ನೋಡಿ
ಹತ್ತಿ ಕೂತರು. ಗಾಡಿ ಹೊರಟಿತು.

ಮರುದಿನ ಕಡೂರಿನ ಹೊಸ ಜೋಡಿ.
ಅದೇ ತಿರುವು ಬಂದಾಗ
ಕೈ ತಾನೇ ಎರಡನೇ ಗೇರಿಗೆ ಇಳಿಯಿತು.
"ಯಾಕೆ, ಏನಾಯ್ತು?" ಹುಡುಗ ವಾಚು ನೋಡಿದ.
"ಏನಿಲ್ಲ ಸಾರ್, ದನ ಅಡ್ಡ ಬಂತು."
ದನ ಇರಲಿಲ್ಲ.