ಅರ್ಧ ಗಂಟೆ ಹಿಂದೆ

ಪ್ಲಗಿನ್ನುಗಳ ಪಟ್ಟಿ ಉದ್ದ,
ನಮ್ಮ ಖೊರೊಗ್‌ನ ಇಂಟರ್ನೆಟ್ಟು ಗಿಡ್ಡ.
ಫೋಟೊಗಳನ್ನು ನಕ್ಷೆಗೆ ಅಂಟಿಸುವಂಥದ್ದಕ್ಕೆ ಟಿಕ್ ಹಾಕಿ
ಒಲೆಯ ಮೇಲೆ ಚಹಾ ಇಟ್ಟೆ.
ಹಾಲು ಹೊಯ್ದು, ಉಪ್ಪು ಬೆಣ್ಣೆ ಹಾಕಿ, ಕುಡಿದು, ಬಟ್ಟಲು ತೊಳೆದು ಬಂದರೂ
ನೂರಕ್ಕೆ ಅರವತ್ತೆರಡು.
ಇದನ್ನು ಬರೆದವನು ಯಾರೋ, ಯಾವ ಸೀಮೆಯವನೋ,
ಒಂದು ಕಾಸು ಕೇಳಿಲ್ಲ.
ಕೊನೆಗೊಂದು ಸಾಲು ಬಿಟ್ಟುಹೋಗಿದ್ದಾನೆ:
ತಪ್ಪು ಕಂಡರೆ ತಿಳಿಸಿ, ಇಲ್ಲವೇ ನೀವೇ ತಿದ್ದಿ.

ದವ್ಲತ್‌ಷೋ ಮೂರು ದಿನ ನಡೆದು ತಂದದ್ದು
ನೂರ ಹನ್ನೆರಡು ಚಿತ್ರ.
ಪಂಜ್ ಹೊಳೆಗಿಳಿಯುವ ಹಳ್ಳಗಳ ಕಾಲುಸೇತುವೆ,
ಕೆಸರು ನುಗ್ಗಿದ ಓಣಿ, ಅರ್ಧ ಉಳಿದ ಗೋಡೆ.
ಜೇಬಿನಲ್ಲಿ ಜಿಪಿಎಸ್, ಕೊರಳಲ್ಲಿ ಕ್ಯಾಮೆರಾ.
ಅದಕ್ಕೆ ಜಾಗ ಗೊತ್ತು, ಇದಕ್ಕೆ ಮುಖ ಗೊತ್ತು,
ಎರಡನ್ನೂ ಗಂಟು ಹಾಕುವುದು ಗಳಿಗೆ.

ಗಂಟು ಹಾಕಿದೆ.
ಮುರಿದ ಸೇತುವೆ ಹೋಗಿ ಶಾಲೆಯಂಗಳದಲ್ಲಿ ಕೂತಿತು.
ಶಾಲೆ ಯಾರದೋ ಏಪ್ರಿಕಾಟ್ ತೋಟದಲ್ಲಿ,
ತೋಟದ ಕತ್ತೆ ನಡುರಸ್ತೆಯಲ್ಲಿ
(ಅದು ನಿಜವೂ ಇದ್ದೀತು).
ಎಲ್ಲವೂ ಎರಡು ಕಿಲೋಮೀಟರ್ ಹಿಂದೆ,
ಹೋದವನು ಇನ್ನೂ ಹೋಗಿಯೇ ಇಲ್ಲವೆಂಬಂತೆ.

ಗಡಿಯಾರದಲ್ಲಿ ಎಷ್ಟು ವ್ಯತ್ಯಾಸ?
ಎಂದು ಕೇಳುತ್ತದೆ ಪ್ಲಗಿನ್ನಿನ ಪುಟ್ಟ ಚೌಕ.
ಹೊರಡುವ ಮುಂಚೆ ಜಿಪಿಎಸ್ಸಿನದೇ ಒಂದು ಫೋಟೊ ತೆಗೆಯೋ,
ಹೊತ್ತು ಹೊಂದಿಸಲಿಕ್ಕಾಗುತ್ತೆ ಅಂದಿದ್ದೆ.
ತೆಗೆದಿಲ್ಲ ಪುಣ್ಯಾತ್ಮ.
ಆದರೆ ನಲವತ್ತೇಳನೆಯದರ ಮೂಲೆಯಲ್ಲಿ, ಅಂಗಡಿಯೊಳಗೆ,
ಸಾಬೂನಿನ ರಾಶಿಯ ಮೇಲೊಂದು ಗೋಡೆಗಡಿಯಾರ:
ಹತ್ತು ನಲವತ್ತು.
ಕ್ಯಾಮೆರಾ ಬರೆದುಕೊಂಡದ್ದು:
ಹತ್ತು ಹತ್ತು.

ನೆಟ್ಟಗೆ ಅರ್ಧ ಗಂಟೆ.
ಮೈಗಳ್ಳ ಗಡಿಯಾರ ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ.

ಆಮೇಲೆ ಹೊಳೆಯಿತು.
ಸೇತುವೆ ಬಳಿಯ ಶನಿವಾರದ ಸಂತೆ,
ಅದಿನ್ನೂ ಕೂಡುತ್ತಿದ್ದ ಕಾಲ.
ಆಚೆ ದಡದಿಂದ ಬಂದ ವ್ಯಾಪಾರಿ
ನಮ್ಮದೇ ಶುಗ್ನಿಯಲ್ಲಿ ಚೌಕಾಸಿ ಮಾಡಿ
ಚೀಟಿಬಟ್ಟೆಯಲ್ಲಿ ಸುತ್ತಿ ಕೊಟ್ಟ ಕ್ಯಾಮೆರಾ ಇದು.
ಆಚೆ ದಡದಲ್ಲಿ ಹೊತ್ತು ನಮಗಿಂತ ಅರ್ಧ ಗಂಟೆ ಹಿಂದೆ.
ಇಷ್ಟು ವರ್ಷ ಈಚೆಗಿದ್ದೂ
ಅದು ತನ್ನ ಊರಿನ ಹೊತ್ತನ್ನು ಬಿಟ್ಟುಕೊಟ್ಟಿಲ್ಲ.

ಚೌಕದಲ್ಲಿ ಮೂವತ್ತು ನಿಮಿಷ ತುಂಬಿದೆ.
ನೂರ ಹನ್ನೆರಡೂ ಒಮ್ಮೆಲೇ ಎದ್ದು
ಗಂಟೆ ಹೊಡೆದ ಮೇಲಿನ ಮಕ್ಕಳ ಹಾಗೆ
ತಂತಮ್ಮ ಮನೆಗೆ ಓಡಿದವು.
ಇನ್ನೂ ಹನ್ನೊಂದು ಸೆಕೆಂಡು ಬಾಕಿ.
ಅದು ಮಾತ್ರ ಕ್ಯಾಮೆರಾದ ಸ್ವಂತ ಪಾಪ.

ತೊಂಬತ್ತನೆಯದನ್ನು ನೋಡಲು ಅಜ್ಜಿ ಸವ್ಸನ್‌ಬಿಬಿ ಬಗ್ಗಿದಳು.
ಹೊಳೆಯಾಚೆ ಒಂದು ಮಾಳಿಗೆ,
ಹಿಪ್ಪುನೇರಳೆ ಒಣಹಾಕುವ ಕೆಂಪು ರುಮಾಲು.
ಚಿಕ್ಕಮ್ಮನ ಮಗಳಿರಬೇಕು, ಅಂದಳು,
ಸಂತೆಯಲ್ಲಿ ನಾಲ್ಕು ಸಲ ಸಿಕ್ಕಿದ್ದಳು.
ಆಮೇಲೆ ಗುರುತಿನ ಚುಕ್ಕಿಯ ಮೇಲೆ ಬೆರಳಿಟ್ಟು:
ಇವಳನ್ನು ನಮ್ಮ ದಡದಲ್ಲಿ ಯಾಕೆ ಕೂರಿಸಿದ್ದೀ?
ಚುಕ್ಕಿ ಅಂದರೆ ತೆಗೆದವನು ನಿಂತ ಜಾಗ, ಅಜ್ಜಿ.
ನಿಂತದ್ದು ಸರಿ. ನೋಡಿದ್ದೆಲ್ಲಿ?

ಅದಕ್ಕೂ ಒಂದು ಚೌಕವಿದೆ: ದಿಕ್ಕು.
ಇನ್ನೂರ ಹದಿನಾಲ್ಕು ಡಿಗ್ರಿ ಎಂದು ಬರೆದೆ.
ಚುಕ್ಕಿಗೊಂದು ಬಾಣ ಮೂಡಿತು, ಕಿರುಬೆರಳಿನಷ್ಟು,
ಈಚೆಯ ಜಲ್ಲಿಯಲ್ಲೇ ತುದಿ.
ಇನ್ನಷ್ಟು ಹಿಂದೆ ಸರಿಸು, ಅಂದಳು.
ನಕ್ಷೆ ಕುಗ್ಗಿತು, ಹೊಳೆ ದಾರವಾಯಿತು.
ಬಾಣ ಇದ್ದಷ್ಟೇ ಇತ್ತು.
ಸಾಕು, ಈಗ ತಾಗಿತು, ಅಂದಳು.

ಆ ಒಂದನ್ನು ಬಿಟ್ಟು ಉಳಿದವನ್ನು ಕಳಿಸಿದೆ.
ವಿವರಣೆಗೆ ಬರೆದೆ: ಕಾಲುಸೇತುವೆ ಮೂರು, ಒಂದು ಮುರಿದಿದೆ,
ಸಮಯ ಸರಿಪಡಿಸಲಾಗಿದೆ.

ಐದು ಗಂಟೆಗೆ ಅಜ್ಜಿ ಬಟ್ಟಲು ತಂದಿಟ್ಟಳು.
ಆಚೆ ಈಗ ನಾಲ್ಕೂವರೆ, ಅಂದಳು.
ಇನ್ನೂ ನೀರಿಗಿಟ್ಟಿರಲಿಕ್ಕಿಲ್ಲ.