ಒತ್ತಕ್ಷರ

ನನ್ನ ಹೆಸರಿನ ನಡುವೆ ಒಂದು ಒತ್ತಕ್ಷರವಿದೆ.
ದಾನೇ ವರೆಗೆ ಸಲೀಸು.
ಶ್ವ ಬಂದಲ್ಲಿ ನಾಲಿಗೆ
ದಾಪೋಡಿ ಸಿಗ್ನಲ್ಲಿನಲ್ಲಿ ಲೋಣಾವಳಾ ಲೋಕಲ್ಲು ನಿಂತ ಹಾಗೆ
ಕಾರಣ ಹೇಳದೆ ನಿಲ್ಲುತ್ತದೆ.
ಒಳಗೆ ಕೂತವರಿಗೆ ಗೊತ್ತು, ಹೊರಡುತ್ತದೆ ಅಂತ.
ಹೊರಗಿನವರು ಗಡಿಯಾರ ನೋಡುತ್ತಾರೆ.

ಔಂಧ್ ಆಸ್ಪತ್ರೆಯ ಸರ್ಟಿಫಿಕೇಟಿನಲ್ಲಿ ನಾನು
ನೂರಕ್ಕೆ ಎಪ್ಪತ್ತೆರಡು.
ಇಷ್ಟು ಅಂಕ ಹತ್ತನೇ ಇಯತ್ತೆಯಲ್ಲೂ ಬಿದ್ದಿರಲಿಲ್ಲ.
ಮಿಕ್ಕ ಇಪ್ಪತ್ತೆಂಟು ಮೈಯ ಯಾವ ಭಾಗದಲ್ಲಿದೆ
ಡಾಕ್ಟರು ಬರೆದಿಲ್ಲ.
ಬಲಗೈ ತೋರುಬೆರಳಲ್ಲಿ ಎಂದು ನನ್ನ ಗುಮಾನಿ.

ಹೇಳಿದ ಮಾತು ಕೇಳುವುದು ಅದೊಂದೇ,
ಅದೂ ಒಮ್ಮೊಮ್ಮೆ ಪಕ್ಕದ ಮನೆಗೆ ಹೋಗಿಬಿಡುತ್ತದೆ:
ಎ ಒತ್ತಿದರೆ ಎಸ್, ಎಸ್ ಒತ್ತಿದರೆ ಎರಡೂ.
ಅಪ್ಪ ಭೋಸರಿಯ ಕಾರ್ಖಾನೆಯಿಂದ
ಗುಜರಿಗೆ ಹೋಗಬೇಕಿದ್ದ ಅಲ್ಯುಮಿನಿಯಂ ತಗಡು ತಂದು
ಅಕ್ಷರಕ್ಕೊಂದು ತೂತು ಕೊರೆದು, ಅಂಚು ಉಜ್ಜಿ,
ಕೀಬೋರ್ಡಿನ ಮೇಲೆ ಕೂರಿಸಿದ.
"ಇನ್ನ ಬೆರಳು ದಾರಿ ತಪ್ಪೂದಿಲ್ಲ ನೋಡು."
ಎಂಬತ್ತನಾಲ್ಕು ತೂತು.
ಸ್ಪೇಸಿನದು ಮಾತ್ರ ಉದ್ದ, ರೈಲಿನ ಕಿಟಕಿಯಂತೆ.

ನಿಮಿಷಕ್ಕೆ ಒಂಬತ್ತು ಪದ ನನ್ನ ವೇಗ.
ಆದ್ದರಿಂದ ವ್ಯರ್ಥ ಬರೆಯುವುದಿಲ್ಲ.
ಬೇರೆಯವರು ನಲವತ್ತು ಸಾಲಲ್ಲಿ ಹೇಳಿದ್ದು
ಹತ್ತರಲ್ಲಿ ಆಗುತ್ತದೆಯೇ ಎಂದು ಮೊದಲು
ಸೂರು ನೋಡುತ್ತ ಮಲಗಿ ಯೋಚಿಸುತ್ತೇನೆ.
ಒಂದು ಆವರಣ ಚಿಹ್ನೆಗೆ ಎಷ್ಟು ಬೆವರು ಎಂಬುದು
ಹತ್ತು ಬೆರಳಿದ್ದವರಿಗೆ ತಿಳಿಯುವುದಿಲ್ಲ.

ಅರವತ್ತೊಂದು ಅರ್ಜಿ.
ಹಿಂಜವಡಿಯ ಒಬ್ಬರು, ಬಲು ಮೃದುವಾಗಿ,
ಆಫೀಸಿಗೆ ಬರಬೇಕಲ್ಲ ಎಂದರು.
ಮನೆ ಮೂರನೇ ಮಹಡಿ, ಲಿಫ್ಟಿಲ್ಲ, ಎಂದು ಬರೆದೆ.
ನಮ್ಮಲ್ಲಿ ಎಂಟು ಲಿಫ್ಟಿವೆ ಎಂದು ಉತ್ತರ ಬಂತು.
ಇನ್ನೊಬ್ಬರು ಫೋನು ಮಾಡಿ ಕೇಳಿದ್ದು ಅವ್ವನನ್ನು,
ಮರಾಠಿಯಲ್ಲಿ: ಆಕೆಗೆ ಹೇಳಿದ್ದು ತಿಳಿಯುತ್ತದೆಯೇ?
ಅವ್ವ ಹಿಟ್ಟಿನ ಕೈಯಲ್ಲೇ,
"ಆಕಿಗೆ ತಿಳಿತೈತಿ, ನಿಮಗ ತಿಳಿವಲ್ದು" ಎಂದು
ಅಚ್ಚ ವಿಜಾಪುರ ಕನ್ನಡದಲ್ಲಿ ಹೇಳಿ ಇಟ್ಟಳು.

ಮಡಗಾಂವಿನ ಸಣ್ಣ ಕಂಪನಿ, ಏಳೇ ಜನ.
ಮೀನು ಮಾರುವವರಿಗೆ ತೂಕ, ಬಿಲ್ಲಿನ ಸಾಫ್ಟ್‌ವೇರ್.
ಪರೀಕ್ಷೆ ಬರಹದಲ್ಲಿ, ಎರಡು ದಿನ ಸಮಯ.
ಯಾರೂ ದನಿ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಬೇಕೆಂದೇ ಹೇಳಲಿಲ್ಲ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಸೋಮವಾರ ಹತ್ತು ಗಂಟೆ, ಮೊದಲ ಮೀಟಿಂಗು.
ಅಡುಗೆಮನೆಯಲ್ಲಿ ಮೆಸ್ಸಿನವರಿಗೆ ಇನ್ನೂರು ರೊಟ್ಟಿ,
ಪಟ ಪಟ ಪಟ. ನಾನು ಮ್ಯೂಟಿನಲ್ಲಿ.
ಓಣಿಯವರು ಮೂಗಿ ಎಂದು ಕರೆದ ಕಾಲವಿತ್ತು,
ಈಗ ಗುಂಡಿ ನನ್ನ ಕೈಯಲ್ಲಿ.
ಫ್ಲೇವಿಯಾ ಎಂಬಾಕೆ ನನ್ನ ಸರದಿ ಎಂದಳು.
ತೂತಿನೊಳಗೆ ಬೆರಳಿಟ್ಟು ಬಾಯಿ ತೆರೆದೆ.
ದಾ.
ನೇ.
ಸಿಗ್ನಲ್ಲು ಕೆಂಪು.
ಚೌಕಗಳಲ್ಲಿ ಮುಖಗಳು ತುಸು ಮುಂದೆ ಬಾಗಿದವು.
"ನಿಮ್ಮ ನೆಟ್‌ವರ್ಕ್ ಕಟ್ಟಾಗ್ತಿದೆ," ಯಾರೋ ಅಂದರು,
"ಒಮ್ಮೆ ಹೊರಗೆ ಹೋಗಿ ಬನ್ನಿ."

ಹೋಗಬಹುದಿತ್ತು.
ಕರೆಂಟಿಲ್ಲ ಅಂತ ಬರೆದು
ಇನ್ನೊಂದು ತಿಂಗಳು ತಳ್ಳಬಹುದಿತ್ತು.
ಅಡುಗೆಮನೆಯ ಪಟಪಟ ನಿಂತಿದೆ, ಅವ್ವ ಕಿವಿಗೊಟ್ಟಿದ್ದಾಳೆ.
ನೆಟ್‌ವರ್ಕ್
ಚೆನ್ನಾಗಿದೆ, ಎಂದೆ. ನಾನು
ಮಾತಾಡೋದೇ
ಹೀಗೆ.
ಇಷ್ಟಕ್ಕೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಹಿಡಿಯಿತು.
ಹೆಂಚಿನ ಮೇಲಿದ್ದದ್ದು ಸೀದ ವಾಸನೆ ಬಂತು.
ಆಮೇಲಿನ ಮೌನದಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ.
ಒಬ್ಬ ಕ್ಯಾಮೆರಾ ಆರಿಸಿದ.
ಫ್ಲೇವಿಯಾ, "ಸರಿ, ಹೆಸರು ಪೂರ್ತಿ ಆಗಲಿಲ್ಲ" ಅಂದಳು.
ನಾನು ಶ್ವ ದಾಟಿ ರಿ ಮುಟ್ಟಿದೆ.

ಸಂಜೆ ಅವ್ವ, ಕೈ ತೊಳೆಯುತ್ತ:
"ಇವತ್ತ ಏನ್ ಮಾಡಿದಿ?"
ತೂಕದಲ್ಲಿ ಒಂದು ಚುಕ್ಕಿ ತಪ್ಪು ಜಾಗದಲ್ಲಿತ್ತು, ಸರಿಸಿದೆ.
"ಯಾತರ ತೂಕ?"
ಬಂಗಡೆ.
"ಶಿವನೇ! ಮೀನೇನ?"
ಕೊರಳ ಕರಡಿಗೆ ಮುಟ್ಟಿಕೊಂಡು
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಇದನ್ನ ಪಗಾರ ಆದ ಮ್ಯಾಲ ಹೇಳಬೇಕಿತ್ತವಾ" ಎಂದಳು.