ಸೋಮವಾರ ಏಳು ಗಂಟೆಗೆ

ಸೋಮವಾರ ಸಂಜೆ ಏಳಕ್ಕೆ
ಟ್ಯಾಲರೂ ಊರಿನ ಅಗ್ನಿಶಾಮಕ ಶೆಡ್ಡಿನ ಮೇಲೆ
ಸೈರನ್ ಒಂದು ಸಲ ಊಳಿಡುತ್ತದೆ.
ಯಾರೂ ಓಡುವುದಿಲ್ಲ.
ಬೇಕರಿಯವನು ಗಡಿಯಾರದ ಮುಳ್ಳು ಸರಿಮಾಡುತ್ತಾನೆ.
ನಾಯಿಗಳು ಮಾತ್ರ ವಾರವಾರವೂ
ಹೊಸದಾಗಿ ನಂಬುತ್ತವೆ.

ನನ್ನ ಪಾಲಿಗೆ ಬಂದದ್ದು ಒಂದು ಪಟ್ಟಿ.
ದನದ ಡಾಕ್ಟರ ಬಳಿ ಲೆಕ್ಕ ಬರೆಯುವವಳಿಗೆ
ಯಾರ ಹಿತ್ತಲಲ್ಲಿ ಏನಿದೆ ಗೊತ್ತಿರುತ್ತದೆ ಎಂದು
ಕ್ಯಾಪ್ಟನ್ ಡೋರೀನ್ ಪ್ಯಾಸ್ಕೊ ನನ್ನ ಕೈಗೆ ತುರುಕಿದಳು.
ಕ್ವಾರಿ ರಸ್ತೆ, ಇಪ್ಪತ್ತಮೂರು ಬಾಗಿಲು.

ನೆವಿಲ್ ಪ್ರೌಸ್: ಮೂರು ಆಮ್ಲಜನಕದ ಸಿಲಿಂಡರು, ಒಂದು ಕುದುರೆ;
ಟ್ರೇಲರ್ ಕಂಡರೆ ಕುದುರೆಗೆ ಆಗದು.
ದ್ರಾಗಿತ್ಸಾ ಅಜ್ಜಿ: ಕಾರಿಲ್ಲ, ಕಿವಿ ಮಂದ, ಹದಿನಾಲ್ಕು ಕೋಳಿ,
ಎಲ್ಲಕ್ಕೂ ಹೆಸರುಂಟು.
ಏಳನೇ ನಂಬರಿನ ಹೊಸ ದಂಪತಿ
ಫ್ರಿಜ್ಜಿಗೆ ಅಂಟಿಸುವ ಕಾರ್ಡು ಇಸಕೊಂಡು
ಬೆಂಕಿ ಬರುವುದು ಯಾವ ತಿಂಗಳು ಎಂದರು,
ಕಸದ ಲಾರಿ ಯಾವ ದಿನ ಎಂದು ಕೇಳುವ ಹಾಗೆ.

ಕೊನೆಯ ಕಾಲಮ್ಮಿನಲ್ಲಿ ಎರಡೇ ಉತ್ತರ:
ಹೋಗುತ್ತೇವೆ. ಇರುತ್ತೇವೆ.
ಪೆನ್ಸಿಲಿನಲ್ಲೇ ಬರೆಯಬೇಕು.
ಡಿಸೆಂಬರಿನಲ್ಲಿ ಎದೆ ತಟ್ಟಿ ಇರುತ್ತೇವೆಂದವರು
ಬಡಗಣ ಗಾಳಿ ಬಾಗಿಲ ಸಂದಿಯಲ್ಲಿ ಸಿಳ್ಳೆ ಹಾಕಿದ ರಾತ್ರಿ
ಫೋನು ಮಾಡಿ ಮೆಲ್ಲಗೆ ಅಳಿಸಿಸುತ್ತಾರೆ.

ನಿಮ್ಮ ಕಡೆ ಇದಕ್ಕೇನನ್ನುತ್ತಾರೆ, ಕೇಳಿದಳು ಡೋರೀನ್.
ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ, ಅಂದೆ.
ಮರುವಾರ ಶೆಡ್ಡಿನ ನೀರಿನ ಟ್ಯಾಂಕಿನ ಮೇಲೆ
ಅವರ ಭಾಷೆಯಲ್ಲಿ, ಆಳೆತ್ತರದ ಬಿಳಿ ಅಕ್ಷರ:
ಬಾವಿ ಮೊದಲು.
ಅದು ನನ್ನ ಸೋದರತ್ತೆ
ಹೊತ್ತೇರುವ ತನಕ ಮಲಗುವ ಗಂಡನಿಗೆ
ದಿನಾ ಬೆಳಿಗ್ಗೆ ಅನ್ನುತ್ತಿದ್ದ ಮಾತೆಂದು
ನಾನು ಯಾರಿಗೂ ಹೇಳಲಿಲ್ಲ.

ಜನವರಿ. ಗುರುವಾರ. ಬೆಳಗಿನ ಆರೂ ಹತ್ತು.
ಸೈರನ್.

ಗುರುವಾರ ಅದು ಕೂಗಬಾರದು.

ಪಟ್ಟಿ ಸಿಕ್ಕಿತು, ಒಂದೇ ಚಪ್ಪಲಿ ಸಿಕ್ಕಿತು, ಓಡಿದೆ.
ನೆವಿಲ್ ಗೇಟಿನಲ್ಲಿ, ಸಿಲಿಂಡರು ತಳ್ಳುಗಾಡಿಯಲ್ಲಿ,
ಕುದುರೆ, ಅಬ್ಬಾ, ಟ್ರೇಲರಿನ ಒಳಗೆ!
ವಸಂತದಿಂದ ದಿನಾ ಒಂದೊಂದು ಗಜ್ಜರಿ ತೋರಿಸಿ
ಕದ್ದು ಅಭ್ಯಾಸ ಮಾಡಿಸಿದ್ದನಂತೆ.
ಏಳನೇ ನಂಬರಿನವರು ಕಾರಿನಲ್ಲಿ ಕೂತಾಗಿದೆ,
ತೊಡೆಯ ಮೇಲೆ ಪಾಸ್‌ಪೋರ್ಟು, ಮಗು, ಮದುವೆಯ ಆಲ್ಬಮ್ಮು;
ಒಲೆಯ ಮೇಲೆ ಹಾಲು ಉಕ್ಕುತ್ತಿದೆ.
ಎಲ್ಲರೂ ಹೊಗೆಗಾಗಿ ಆಕಾಶ ಹುಡುಕಿದರು.
ಆಕಾಶ ತೊಳೆದ ತಟ್ಟೆ.

ಆಗ ಕಂಡದ್ದು ಆ ಹಕ್ಕಿ.
ನಾವು ನೀಲಗಿರಿ ಎಂದು ಹೆಸರಿಟ್ಟುಕೊಂಡ,
ಎಲೆಎಲೆಯಲ್ಲೂ ಎಣ್ಣೆ ಹೊತ್ತ ಮರಕ್ಕೆ
ಇದೇ ತವರೂರು. ಅದರ ತುದಿಯಲ್ಲಿ
ಕಪ್ಪುಬಿಳುಪಿನ ಒಂದು ಮ್ಯಾಗ್‌ಪೈ
ಕೊರಳುಬ್ಬಿಸಿ ಏರಿಸಿ ಇಳಿಸಿ ಸೈರನ್ ಊದುತ್ತಿತ್ತು,
ತುಕ್ಕು ಹಿಡಿದ ಆ ಕೊನೆಯ ಗೊರಗೊರವನ್ನೂ ಬಿಡದೆ.

ಡೋರೀನ್ ಕೈಗಡಿಯಾರ ನೋಡಿದಳು.
ಹನ್ನೊಂದು ನಿಮಿಷ, ಎಂದಳು.
ಹಕ್ಕಿಗೆ ಯಾರೂ ಬೈಯಲಿಲ್ಲ.
ಆಮೇಲೆ ತಲೆ ಎಣಿಸಿದೆವು. ಒಂದು ಕಮ್ಮಿ.

ದ್ರಾಗಿತ್ಸಾ ಹಿತ್ತಲಲ್ಲಿದ್ದಳು,
ಅದೇ ಮರದ ಬುಡದಲ್ಲಿ, ಕೋಳಿಗೆ ಕಾಳು ಚೆಲ್ಲುತ್ತ.
ನನ್ನ ಬರಿಗಾಲು ನೋಡಿ ನಕ್ಕಳು.
ಮೇಲೆ ಬೆರಳು ತೋರಿಸಿ ಕೇಳಿದಳು:
ಕೊಕ್ಕು ತೆರೆದೇ ಇದೆಯಲ್ಲ,
ಚೆನ್ನಾಗಿ ಹಾಡುತ್ತಿದೆಯೇ?

ಈಗ ಅವಳ ಮನೆಯ ಬೀಗದ ಕೈ ನನ್ನ ಗೊಂಚಲಿನಲ್ಲಿದೆ.
ಸೋಮವಾರ ಏಳಕ್ಕೆ ಶೆಡ್ಡು ಕೂಗಿ,
ಅರೆ ನಿಮಿಷ ಬಿಟ್ಟು ಮರ ಕೂಗಿದಾಗ
ನಾನು ಅವಳ ಬಾಗಿಲು ತೆರೆದು ಒಳಗೆ ಹೋಗುತ್ತೇನೆ.
ನಮ್ಮಿಬ್ಬರಲ್ಲಿ ಒಂದು ಒಪ್ಪಂದ:
ಹೆಗಲ ಮೇಲೆ ಎರಡು ಸಲ ತಟ್ಟಿದರೆ
ಏಳು, ಕೋಳಿ ಬಿಟ್ಟು ಬಾ ಎಂದರ್ಥ.

ಮೊದಲರ್ಧಕ್ಕೆ ಅಜ್ಜಿ ಒಪ್ಪಿದ್ದಾಳೆ.